ಕೋಲಾರದ ಮನೇಲಿ ಬಾಲ್ ಪೈಥಾನ್ ಮೊಟ್ಟೆ ಮರಿ ಮಾಡ್ಸೋದು

ಮೊದ್ಲು ಪೇಪರ್ ಸರಿ ಮಾಡ್ಕೊಳ್ಳಿ, ಇದು ಆಫ್ರಿಕಾದ ಹಾವು, ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡ್ಸ್ಲೇಬೇಕು, ಮರಿ ಹುಟ್ಟಿದ್ರೂ ತಿಳಿಸ್ಬೇಕು. ನಮ್ ಕಡೆ ಕುರುಚಲು ಕಾಡಲ್ಲಿ ಸಿಗೋ ನಕ್ಷತ್ರ ಆಮೆನ ಮಾತ್ರ ಮನೆಗೆ ತರ್ಲೇಬೇಡಿ, ಅದು ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿ.

ಮೊಟ್ಟೆ ಇಟ್ಮೇಲೆ ತಾಯಿ ಸುತ್ಕೊಂಡಿರತ್ತೆ, ಮೆಲ್ಲಗೆ ಬಿಡಿಸಿ ಪ್ರತಿ ಮೊಟ್ಟೆ ಮೇಲ್ಭಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಯಾಕಂದ್ರೆ ಕೋಳಿ ಮೊಟ್ಟೆ ಥರ ಇದನ್ನ ತಿರುಗಿಸಿದ್ರೆ ಒಳಗಿನ ಮರಿ ಸಾಯ್ಬೋದು. ವರ್ಮಿಕ್ಯುಲೈಟ್ (ನೀರು ಹಿಡಿದಿಡೋ ಹಗುರವಾದ ಖನಿಜದ ಚೂರು) ಒದ್ದೆ ಮಾಡಿ, ಹಿಂಡಿದ್ರೆ ನೀರು ತೊಟ್ಟಿಕ್ಬಾರ್ದು, ಮುಚ್ಚಳದ ಡಬ್ಬಿಲಿ ಅದನ್ನ ಹಾಕಿ ಮೇಲೆ ಮೊಟ್ಟೆ ಇಡಿ. 31–32 ಡಿಗ್ರಿ ಇರ್ಬೇಕು, ಥರ್ಮೋಸ್ಟಾಟ್ (ಹೀಟರ್‌ನ ತಾನಾಗೇ ಆನ್-ಆಫ್ ಮಾಡೋ ಸಾಧನ) ಬರೀ ಬಿಸಿ ಮಾಡತ್ತೆ, ತಣ್ಣಗೆ ಮಾಡಲ್ಲ, ಏಪ್ರಿಲ್ ಮಧ್ಯಾಹ್ನ ಕೋಲಾರದ ಬಿಸ್ಲು 35 ದಾಟತ್ತೆ, ಅದಕ್ಕೆ ಮನೇಲಿ ತಂಪಿರೋ ರೂಮೇ ಆರಿಸ್ಕೊಳ್ಳಿ. ಸುಮಾರು 55–60 ದಿನಕ್ಕೆ ಮರಿ ತಲೆ ಹೊರಗಿಟ್ಟು ಒಂದೆರಡು ದಿನ ಹಂಗೇ ಇರತ್ತೆ, ದಯವಿಟ್ಟು ಎಳೀಬೇಡಿ. ಮೊದಲ ಪೊರೆ ಬಿಟ್ಮೇಲೆ ಊಟ ಕೊಡಿ.