ಚಿಲ್ಲರೆ ನಾಣ್ಯ: ತೂಗಿ ಎಣಿಸುವ ಲೆಕ್ಕ

ಗಲ್ಲಾಪೆಟ್ಟಿಗೆ ತುಂಬ ಚಿಲ್ಲರೆ ಇದ್ದರೆ ಒಂದೊಂದಾಗಿ ಎಣಿಸುತ್ತ ಕೂರಬೇಕಿಲ್ಲ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ ಸಾಕು: ಒಟ್ಟು ತೂಕವನ್ನು ಒಂದು ನಾಣ್ಯದ ತೂಕದಿಂದ ಭಾಗಿಸಿದರೆ ಎಣಿಕೆ ಸಿಗುತ್ತದೆ. ತಪ್ಪು ಆಗುವುದೆಲ್ಲ ತೂಗುವ ಮೊದಲೇ, ವಿಂಗಡಿಸುವಾಗ.

ಮುಖಬೆಲೆ ನೋಡಿ ಗುಡ್ಡೆ ಹಾಕಿದರೆ ಸಾಲದು, ಸರಣಿಯನ್ನೂ, ಅಂದರೆ ಒಂದೇ ವಿನ್ಯಾಸದಲ್ಲಿ ಹೊರಬಂದ ನಾಣ್ಯಗಳ ಗುಂಪನ್ನೂ, ಬೇರೆ ಮಾಡಬೇಕು. 2011ರ ಸರಣಿಯ ಒಂದು ರೂಪಾಯಿ 3.79 ಗ್ರಾಂ, 2019ರದು 3.09 ಗ್ರಾಂ. ಮೊದಲನೆಯದರ ನೂರು ನಾಣ್ಯ 379 ಗ್ರಾಂ ತೂಗುತ್ತವೆ, ಅದನ್ನು 3.09ರಿಂದ ಭಾಗಿಸಿದರೆ ಸುಮಾರು 123 ಬರುತ್ತದೆ. ಇಲ್ಲದ 23 ರೂಪಾಯಿ ಲೆಕ್ಕಕ್ಕೆ ಸೇರಿಬಿಟ್ಟಿತು! ಎರಡು ರೂಪಾಯಿಯಲ್ಲೂ ಇದೇ ಕಥೆ: 4.85 ಮತ್ತು 4.07 ಗ್ರಾಂ.

ಗಾತ್ರ ನಂಬಿ ವಿಂಗಡಿಸುವವರು ಎಡವುವುದು 25 ಮಿ.ಮೀ. ವ್ಯಾಸದಲ್ಲಿ. 1992ರಿಂದ ಬಂದ ಸ್ಟೀಲಿನ ಹಳೆಯ ಒಂದು ರೂಪಾಯಿ, 2011ರ ಎರಡು ರೂಪಾಯಿ, 2019ರ ಐದು ರೂಪಾಯಿ, ಮೂರೂ ಅಷ್ಟೇ ಅಗಲ. ಐದರದು ಹಳದಿ ಬಣ್ಣ, ತೂಕವೂ 6.74 ಗ್ರಾಂ, ಹಾಗಾಗಿ ತಕ್ಷಣ ಗೊತ್ತಾಗುತ್ತದೆ. ಉಳಿದೆರಡರ ತೂಕವೂ ಒಂದೇ, 4.85 ಗ್ರಾಂ, ಎರಡೂ ಅಯಸ್ಕಾಂತಕ್ಕೆ ಅಂಟುತ್ತವೆ. ಇಲ್ಲಿ ಅಂಕಿ ಓದದೆ ಬೇರೆ ದಾರಿಯಿಲ್ಲ. ಅಯಸ್ಕಾಂತ ಉಪಯೋಗಕ್ಕೆ ಬರುವುದು ಸ್ಟೀಲಿನ ರಾಶಿಯಿಂದ ಹಳದಿ ಐದುಗಳನ್ನೂ 9 ಗ್ರಾಂ ತೂಗುವ ಹಳೆಯ ತಾಮ್ರ-ನಿಕಲ್ ಐದುಗಳನ್ನೂ ಬಿಡಿಸಲು. ಅವು ಅಂಟುವುದಿಲ್ಲ. ಸ್ಟೀಲಿನಲ್ಲೂ ಐದು ರೂಪಾಯಿ ಬಂದಿದ್ದುಂಟು, ಅಂಟಿದ್ದನ್ನೂ ಒಮ್ಮೆ ನೋಡಿ.

ಪುಸ್ತಕದ ತೂಕಕ್ಕಿಂತ ನಿಮ್ಮ ತಕ್ಕಡಿಯ ತೂಕವೇ ನೆಚ್ಚಿಕೆಗೆ ಮೇಲು. ಒಂದೇ ಸರಣಿಯ 50 ನಾಣ್ಯ ಕೈಯಲ್ಲೇ ಎಣಿಸಿ, ಖಾಲಿ ಬಟ್ಟಲಿಟ್ಟು ತಕ್ಕಡಿಯನ್ನು ಸೊನ್ನೆಗೆ ತಂದು, ತೂಗಿ, 50ರಿಂದ ಭಾಗಿಸಿ. ಅರ್ಧ ಗ್ರಾಂ ಹೆಚ್ಚುಕಮ್ಮಿ ಆದರೂ ನಾಣ್ಯಕ್ಕೆ 0.01 ಗ್ರಾಂ ಅಷ್ಟೇ. ಆದರೆ ಸಾವಿರ ನಾಣ್ಯ ಒಟ್ಟಿಗೆ ತೂಗಿದರೆ ಅದೇ 10 ಗ್ರಾಂ ಆಗಿ ಎರಡು-ಮೂರು ನಾಣ್ಯ ಏರುಪೇರಾಗುತ್ತದೆ. ನೂರು ನೂರಾಗಿ ತೂಗಿ. ಒಂದು ನಾಣ್ಯ ಕಡಿಮೆಯಾದರೂ ಮೂರು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಕಾಣುತ್ತದೆ. ಕುಂಕುಮ, ಎಣ್ಣೆ ಮೆತ್ತಿದವನ್ನು ತೊಳೆದು ಒಣಗಿಸಿಯೇ ಹಾಕಿ.

ಬ್ಯಾಂಕಿಗೆ ಕೊಡುವುದಿದ್ದರೂ ನೂರರ ಪೊಟ್ಟಣವೇ ಅನುಕೂಲ. ರಿಸರ್ವ್ ಬ್ಯಾಂಕಿನ ಸೂಚನೆಯೂ ಒಂದು, ಎರಡು ರೂಪಾಯಿ ನಾಣ್ಯಗಳನ್ನು ತೂಕದಿಂದಲೋ ನೂರರ ಪಾಲಿಥಿನ್ ಪೊಟ್ಟಣಗಳಲ್ಲೋ ತೆಗೆದುಕೊಳ್ಳುವಂತೆ ಹೇಳುತ್ತದೆ.

ಇನ್ನು ಗಲ್ಲಾದಲ್ಲಿ ಯಾವುದು ಎಷ್ಟಿರಬೇಕು? ಒಂದು ರೂಪಾಯಿ ಒಂದು, ಎರಡರದು ಎರಡು, ಐದರದು ಒಂದು, ಈ ನಾಲ್ಕು ನಾಣ್ಯದಲ್ಲಿ 1ರಿಂದ 9ರವರೆಗಿನ ಯಾವ ಚಿಲ್ಲರೆಯನ್ನಾದರೂ ಕೊಡಬಹುದು. 0ಯಿಂದ 9ರವರೆಗೆ ಎಲ್ಲ ಮೊತ್ತವೂ ಸಮನಾಗಿ ಬರುತ್ತವೆ ಎಂದುಕೊಂಡರೆ, ನೂರು ಗಿರಾಕಿಗಳಿಗೆ ಒಂದರವು 40, ಎರಡರವು 80, ಐದರವು 50 ಖರ್ಚಾಗುತ್ತವೆ. ಅಂದರೆ ಎರಡರವು ಒಂದರ ದುಪ್ಪಟ್ಟು. ಒಂದು ರೂಪಾಯಿಯನ್ನೇ ಕೂಡಿಡುವವರು ಸಂಜೆಯ ಹೊತ್ತಿಗೆ ಎರಡು ರೂಪಾಯಿಗೆ ಪರದಾಡುವುದು ಇದಕ್ಕೇ. ನಿಮ್ಮ ಬೆಲೆಗಳು ಹೆಚ್ಚಾಗಿ 5, 10ರಲ್ಲೇ ಮುಗಿಯುವುದಾದರೆ ಐದರ ಪಾಲು ಏರಿಸಿ. ಚಿಲ್ಲರೆ ಮುಗಿದೇ ಹೋದರೆ, 63 ರೂಪಾಯಿಗೆ ನೂರರ ನೋಟು ಕೊಟ್ಟವರ ಹತ್ತಿರ ಇನ್ನೂ ಮೂರು ರೂಪಾಯಿ ಕೇಳಿ, ನಲವತ್ತು ವಾಪಸ್ ಕೊಡಿ.