ಸಣ್ಣ ಬಚ್ಚಲುಮನೆ: ಮೊದಲು ಒಣಗಲಿ, ಆಮೇಲೆ ಚಂದ

ಶಿರಸಿ, ಸಿದ್ದಾಪುರ ಕಡೆಯ ಹಳೆಯ ಬಚ್ಚಲುಮನೆಗಳಲ್ಲಿ ಹಂಡೆಯ ಕೆಳಗೆ ಒಲೆ ಉರಿಯುತ್ತಿತ್ತು. ಅಡಿಕೆ ಸಿಪ್ಪೆ, ಸೋಗೆ ಹಾಕಿದ ಆ ಬೆಂಕಿ ನೀರಿನ ಜೊತೆಗೆ ಗೋಡೆ, ನೆಲವನ್ನೂ ದಿನಾ ಒಣಗಿಸುತ್ತಿತ್ತು. ಒಲೆ ಹೋಗಿ ಗೀಸರ್ ಬಂದಮೇಲೆ ಆ ಕೆಲಸ ಯಾರೂ ಮಾಡುತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈ ಒರೆಸಿದ ಪಂಚೆಯೇ ಒಣಗದ ಊರು ನಮ್ಮದು. ಇಲ್ಲಿ 4×6 ಅಡಿಯ ಬಚ್ಚಲನ್ನು ಚಂದ ಮಾಡಹೊರಟವರು ಟೈಲ್ಸ್ ಅಂಗಡಿಗೆ ಹೋಗುವ ಮೊದಲು, ನೀರು ಎಲ್ಲಿಂದ ಹೋಗುತ್ತದೆ, ಗಾಳಿ ಎಲ್ಲಿಂದ ಬರುತ್ತದೆ ಎಂದು ಕೂತು ಯೋಚಿಸಬೇಕು.

ನೆಲದ ಇಳಿಜಾರು 6 ಅಡಿ ಉದ್ದಕ್ಕೆ ಸುಮಾರು ಒಂದು ಇಂಚು ಇರಲಿ. ಅದಕ್ಕಿಂತ ಕಡಿಮೆಯಾದರೆ ನೀರು ನಿಂತು ಹಾವಸೆ ಕಟ್ಟುತ್ತದೆ, ತೀರಾ ಹೆಚ್ಚಾದರೆ ವಯಸ್ಸಾದವರಿಗೆ ಕಾಲು ಊರುವುದು ಕಷ್ಟ. ನಹಾನಿ ಟ್ರ್ಯಾಪನ್ನು (ನೆಲದ ನೀರು ಹೊರಹೋಗುವ, ಒಳಗೆ ತುಸು ನೀರು ನಿಲ್ಲುವ ಜಾಲರಿ ಬಾಯಿ) ಬಾಗಿಲಿಂದ ದೂರದ ಮೂಲೆಗೆ ಕೂರಿಸಿ. ಪೈಪು ಕೂರಿಸಿದ ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟು ಹೊಡೆಸಿ, ಗೋಡೆಯ ಮೇಲೂ ಒಂದಡಿ ಏರಿಸಿ. ಷವರ್ ಇರುವ ಗೋಡೆಗೆ ಆರಡಿಯವರೆಗೂ ಬೇಕು. ಕೋಟು ಪೂರ್ತಿ ಒಣಗಿದ ಮೇಲೆ ಟ್ರ್ಯಾಪಿನ ಬಾಯಿ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ, 48 ತಾಸು ಬಿಡಿ. ಸೋರಿಕೆ ಹೆಚ್ಚಾಗಿ ಕಾಣಿಸುವುದು ಪೈಪು ಮತ್ತು ಕಾಂಕ್ರೀಟು ಸೇರುವ ಸುತ್ತಿನಲ್ಲೇ. ಈ ಪರೀಕ್ಷೆಗೆ ಮೇಸ್ತ್ರಿ ಅವಸರ ಮಾಡಿದರೂ ನೀವು ಒಪ್ಪಬೇಡಿ.

ನೆಲಕ್ಕೆ ಒಂದಡಿ ಚೌಕದ, ಹೊಳಪಿಲ್ಲದ, ಜಾರದ ಟೈಲ್ಸೇ ಸರಿ. 2×2 ಅಡಿಯ ದೊಡ್ಡ ಟೈಲ್ಸನ್ನು ಎಲ್ಲ ಕಡೆಯಿಂದ ಟ್ರ್ಯಾಪಿನತ್ತ ಬಾಗಿಸಲು ಆಗುವುದಿಲ್ಲ, ಮೂಲೆಗಳಲ್ಲಿ ನೀರು ನಿಲ್ಲುತ್ತದೆ. ಲೆಕ್ಕ ಹೀಗೆ: ನೆಲ 24 ಚದರಡಿ. ಗೋಡೆಯ ಸುತ್ತಳತೆ 20 ಅಡಿ, 7 ಅಡಿ ಎತ್ತರಕ್ಕೆ 140. ಎರಡೂವರೆ ಅಡಿ ಬಾಗಿಲನ್ನು ಕಳೆದರೆ ಸುಮಾರು 122. ಎರಡಕ್ಕೂ ಶೇಕಡಾ 10 ಹೆಚ್ಚು ತನ್ನಿ. ಎಲ್ಲ ಪೆಟ್ಟಿಗೆಗಳ ಮೇಲೂ ಬ್ಯಾಚ್ ಸಂಖ್ಯೆ, ಶೇಡ್ ಸಂಖ್ಯೆ ಒಂದೇ ಇದೆಯೇ ನೋಡಿ. ಉಳಿದ ನಾಲ್ಕಾರು ಟೈಲ್ಸನ್ನು ಅಟ್ಟದ ಮೇಲಿಡಿ. ಮುಂದೆ ಒಂದು ಒಡೆದರೆ ಅದೇ ಬಣ್ಣ ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲ. ಕೂರಿಸಿದ ಮರುದಿನ ಪ್ರತಿ ಟೈಲ್ಸಿನ ನಾಲ್ಕೂ ಮೂಲೆಗೆ ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಸಿಮೆಂಟು ನಡುವಿಗೆ ಮಾತ್ರ ಬಿದ್ದಿದೆ ಎಂದರ್ಥ. ಆ ಖಾಲಿಯಲ್ಲಿ ನೀರು ಸೇರುತ್ತದೆ. ಅಂಥದನ್ನು ಆಗಲೇ ಕೀಳಿಸಿ ಮತ್ತೆ ಹಾಕಿಸಿ.

ಚಿರೇಕಲ್ಲಿನ ಗೋಡೆಗೆ ಒಂದು ಮಾತು ಬೇರೆಯೇ ಹೇಳಬೇಕು. ಕಲ್ಲು ತೂತು ತೂತು, ಒಳಗೆ ಮೆತ್ತಗೆ. ಪ್ಲಾಸ್ಟಿಕ್ ಬೆಣೆ ಹೊಡೆದು ಗೀಸರ್ ನೇತುಹಾಕಿದರೆ ದಿನ ಕಳೆದಂತೆ ಸಡಿಲವಾಗುತ್ತದೆ. 15 ಲೀಟರಿನ ಗೀಸರ್‌ನಲ್ಲಿ ನೀರೇ 15 ಕಿಲೋ, ಅದರ ಮೇಲೆ ಡಬ್ಬಿಯ ತೂಕ. ಟೈಲ್ಸ್ ಹಾಕುವ ಮುಂಚೆಯೇ ಗೀಸರ್ ಬರುವ ಜಾಗದ ಕಲ್ಲನ್ನು ಕೊರೆದು ಕಾಂಕ್ರೀಟು ತುಂಬಿಸಿ, ಜಾಗವನ್ನು ಅಳತೆಯೊಂದಿಗೆ ಬರೆದಿಡಿ. ಸಾಬೂನು ಇಡುವ ಗೂಡನ್ನೂ ಆಗಲೇ ತೆಗೆಸಿ. ಗೂಡಿನ ತಳ ಹೊರಗೆ ತುಸು ಇಳಿಜಾರಿರಲಿ, ಇಲ್ಲದಿದ್ದರೆ ಸಾಬೂನು ಸದಾ ಕೆಸರು. ಗೀಸರ್‌ಗೆ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಸಾಧನ) ಕಡ್ಡಾಯ. ಗೀಸರಿನ ಸ್ವಿಚ್ಚು ಬಾಗಿಲ ಹೊರಗಿರಲಿ.

ಎಕ್ಸಾಸ್ಟ್ ಫ್ಯಾನ್ 6 ಇಂಚಿನದು ಸಾಕು. ಆದರೆ ಬಾಗಿಲ ಕೆಳಗೆ ಅರ್ಧ ಇಂಚು ಸಂದು ಬಿಡಬೇಕು. ಒಳಗೆ ಬರುವ ಗಾಳಿಯಿಲ್ಲದೆ ಫ್ಯಾನ್ ಬರೀ ಸದ್ದು ಮಾಡುತ್ತದೆ. ಸ್ನಾನವಾದ ಮೇಲೆ 20 ನಿಮಿಷ ಓಡಲಿ. ನೈಋತ್ಯದ ಮಳೆಗಾಳಿ ಫ್ಯಾನಿನ ಬಾಯಿಗೇ ನೀರು ಎರಚುತ್ತದೆ, ಹೊರಗೆ ಮುಚ್ಚುವ ರೆಕ್ಕೆ ಬೇಕು. ಬಾಗಿಲು ಪಿವಿಸಿಯದೇ ಒಳ್ಳೆಯದು. ಮರದ್ದೇ ಆದರೆ ಹಲಗೆಯ ಕೆಳ ಅಂಚನ್ನು ಮುಟ್ಟಿ ನೋಡಿ: ಬಡಗಿ ಬಾಗಿಲು ಕೂರಿಸಿದ ಮೇಲೆ ಬಣ್ಣ ಹೊಡೆದರೆ ಆ ಅಂಚು ಬಣ್ಣ ಕಾಣದೆ ಉಳಿಯುತ್ತದೆ, ಮರ ನೀರು ಕುಡಿದು ಉಬ್ಬುವುದು ಅಲ್ಲಿಂದಲೇ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ಬಚ್ಚಲಿನ ಅಂದ ಕೆಡಿಸುವುದು ತುಕ್ಕು. ಅಗ್ಗದ ಟವೆಲ್ ರಾಡು ಸಾಮಾನ್ಯವಾಗಿ 202 ದರ್ಜೆಯ ಸ್ಟೀಲು, ಉಪ್ಪುಗಾಳಿಗೆ ಬೇಗ ಕಂದುತ್ತದೆ. 304 ಕೇಳಿ, ಬಿಲ್ಲಿನಲ್ಲಿ ಬರೆಸಿ. ಅಯಸ್ಕಾಂತ ಹಿಡಿದು ನೋಡುವುದರಿಂದ ಪ್ರಯೋಜನವಿಲ್ಲ, ಎರಡೂ ಬಹುಮಟ್ಟಿಗೆ ಅಂಟುವುದಿಲ್ಲ. ಒಳ್ಳೆಯ ರಾಡು ತಂದು ಕಬ್ಬಿಣದ ಸ್ಕ್ರೂ ಹೊಡೆಯುವವರೂ ಇದ್ದಾರೆ. ಟೈಲ್ಸಿನ ಮೇಲೆ ಇಳಿಯುವ ಕೆಂಪು ಗೆರೆ ಆ ಸ್ಕ್ರೂವಿನದು. ಆಸಿಡ್ ಬಾಟಲಿಯನ್ನು ಬಚ್ಚಲಿನಲ್ಲಿ ಇಡಲೇಬೇಡಿ. ಮುಚ್ಚಳ ಹಾಕಿದ್ದರೂ ಒಸರುವ ಹಬೆಗೆ ನಲ್ಲಿಯ ಹೊಳಪು ಚುಕ್ಕೆ ಚುಕ್ಕೆಯಾಗಿ ಎದ್ದು ಹೋಗುತ್ತದೆ.

ಬಣ್ಣಕ್ಕೆ ಕೆನೆ, ತಿಳಿ ಬೂದು ಒಳ್ಳೆಯದು. ಬಾಗಿಲು ತೆರೆದೊಡನೆ ಕಾಣುವ ಒಂದು ಗೋಡೆಗೆ ಮಾತ್ರ ಚಿತ್ತಾರ ಸಾಕು. ಗೋಡೆಯ ಟೈಲ್ಸನ್ನು ಅಡ್ಡಡ್ಡ ಹಾಕಿದರೆ ಜಾಗ ಅಗಲ ಕಾಣುತ್ತದೆ. ಕನ್ನಡಿ ಕಿಟಕಿಯ ಎದುರಿಗಿದ್ದರೆ ಬೆಳಕು ಇಮ್ಮಡಿ. ಅಂಟಿಸುವಾಗ ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದು ಹಿಂಬದಿಯ ಲೇಪ ತಿಂದು ಅಂಚು ಕಪ್ಪಾಗಿಸುತ್ತದೆ. ನ್ಯೂಟ್ರಲ್ ಎಂದು ಬರೆದದ್ದು ತನ್ನಿ.

ಬೋರಿನ ನೀರಿನಲ್ಲಿ ಕಬ್ಬಿಣದಂಶ ಇರುವ ಮನೆಗೆ ಬಿಳಿ ನೆಲ ಹೊಂದದು. ಕೆಂಪು ಕಲೆಗೆ ಬ್ಲೀಚಿಂಗ್ ಪುಡಿ ಹಾಕಿದರೆ ಅದು ಇನ್ನೂ ಗಟ್ಟಿಯಾಗಿ ಕೂರುತ್ತದೆ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ ಹಚ್ಚಿ, 15 ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಆಸಿಡ್ಡನ್ನೂ ಬ್ಲೀಚಿಂಗನ್ನೂ ಒಟ್ಟಿಗೆ ಬಳಸಬೇಡಿ, ಕ್ಲೋರಿನ್ ಹೊಗೆ ಏಳುತ್ತದೆ; ಇಂಥ ಸಣ್ಣ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ.

ತಿಂಗಳುಗಟ್ಟಲೆ ಮನೆ ಬೀಗ ಹಾಕಿ ಹೋಗುವುದಿದ್ದರೆ, ಹೊರಡುವ ದಿನ ಟ್ರ್ಯಾಪಿಗೆ ಎರಡು ಚೊಂಬು ನೀರು ಹೊಯ್ದು ಮೇಲೆ ಎರಡು ಚಮಚ ತೆಂಗಿನೆಣ್ಣೆ ಬಿಡಿ. ಎಣ್ಣೆಯ ಪದರ ನೀರನ್ನು ಆರಲು ಬಿಡುವುದಿಲ್ಲ, ಮೋರಿಯ ವಾಸನೆಯೂ ಜಿರಳೆಯೂ ಒಳಗೆ ಬರುವುದಿಲ್ಲ.