ಓಟು ಕೇಳುವ ಮನೆಯಲ್ಲೇ ಹತ್ತು ರೂಪಾಯಿ ಕೇಳಿದೆ

2020ರ ಡಿಸೆಂಬರ್ 30ರಂದು ಬಾಗೇಪಲ್ಲಿಯ ಎಣಿಕೆ ಕೇಂದ್ರದಿಂದ ಹೊರಗೆ ಬಂದಾಗ ನನ್ನ ಕೈಯಲ್ಲಿ ಗೆದ್ದ ಸರ್ಟಿಫಿಕೇಟು ಇತ್ತು. ಬ್ಯಾಗಿನಲ್ಲಿ ಖರ್ಚೆಲ್ಲ ಕಳೆದು ಸುಮಾರು 1,800 ರೂಪಾಯಿಯೂ ಉಳಿದಿತ್ತು. ಪಂಚಾಯಿತಿ ಚುನಾವಣೆ ಮುಗಿದ ಮೇಲೆ ದುಡ್ಡು ಉಳಿಸಿಕೊಂಡವರನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ. ‘ಓಟಿಗೆ ದುಡ್ಡು ಹಂಚೋ ಕಾಲದಲ್ಲಿ ನೀನು ಓಟುದಾರರ ಹತ್ರ ದುಡ್ಡು ಕೇಳ್ತೀಯಾ? ಇರೋ ಓಟೂ ಹೋಗುತ್ತೆ’ ಎಂದು ನಮ್ಮ ಕೂಲಿಕಾರರ ಸಂಘದ ಹಿರಿಯರೇ ಹೇಳಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2015ರಲ್ಲಿ ನಾನೂ ಎಲ್ಲರಂತೆಯೇ ನಿಂತೆ. 1994ರಲ್ಲಿ, ಮತ್ತೆ 2004ರಲ್ಲಿ ಜಿ.ವಿ. ಶ್ರೀರಾಮರೆಡ್ಡಿಯವರನ್ನು ಸಿಪಿಎಂನಿಂದ ವಿಧಾನಸಭೆಗೆ ಕಳಿಸಿದ ತಾಲ್ಲೂಕು ನಮ್ಮದು, ಕೆಂಬಾವುಟ ನೋಡಿದರೆ ಜನ ಓಟು ಹಾಕುತ್ತಾರೆ ಅಂದುಕೊಂಡಿದ್ದೆ. ಆದರೆ ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲ. ಬಾವುಟ ಮನೆಯಲ್ಲಿಟ್ಟು ಹೋಗಬೇಕು. ಆಗ ಜನ ನೋಡುವುದು ಜಾತಿ, ನೆಂಟಸ್ತನ, ಯಾರ ಹತ್ತಿರ ಸಾಲ ಇದೆ ಎನ್ನುವುದನ್ನು. ಡಿಪಾಸಿಟ್ಟು ನೂರೇ ರೂಪಾಯಿ, ಖರ್ಚು ಮಾತ್ರ 46 ಸಾವಿರ ಆಯಿತು. ಅದರಲ್ಲಿ 30 ಸಾವಿರ ಮೂರು ರೂಪಾಯಿ ಬಡ್ಡಿಯ ಸಾಲ. ಮೈಕಿನ ಆಟೋ, ಪಾಂಪ್ಲೆಟ್ಟು, ಹಿಂದೆ ಓಡಾಡುವ ಹುಡುಗರ ಟಿಫನ್ನು. ಆ ಹುಡುಗರಲ್ಲಿ ಅರ್ಧ ಜನರ ಓಟು ನಮ್ಮ ಕ್ಷೇತ್ರದಲ್ಲೇ ಇರಲಿಲ್ಲ. 37 ಓಟಿನಲ್ಲಿ ಸೋತೆ. ಸಾಲ ತೀರಿದ್ದು 2018ರಲ್ಲಿ, ಅದೂ ಎರಡು ಹಸುಗಳಲ್ಲಿ ಒಂದನ್ನು ಮಾರಿದ ಮೇಲೆ.

ಸೋತಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಸಭೆಗಳನ್ನೆಲ್ಲ ಸಂಜೆ ಏಳಕ್ಕೆ ಇಟ್ಟಿದ್ದೆ. ಹೆಂಗಸರು ಮುದ್ದೆ ತೊಳಸುವ ಹೊತ್ತು ಅದು. ನನ್ನ ಭಾಷಣ ಕೇಳಿದವರು ಕಟ್ಟೆಯ ಮೇಲೆ ಕೂರುವ ಗಂಡಸರು ಮಾತ್ರ.

ಆಮೇಲೆ ಐದು ವರ್ಷ ಭಾಷಣ ಬಿಟ್ಟು ಫಾರಂ ಆರು ಹಿಡಿದೆ, ಅಂದರೆ ಉದ್ಯೋಗ ಖಾತ್ರಿ ಯೋಜನೆಯಾದ ನರೇಗಾದಲ್ಲಿ ಕೆಲಸ ಕೇಳುವ ಅರ್ಜಿ. ನರೇಗಾ ಕೆಲಸ ಗೊತ್ತಿರುವವರಿಗೆ ವಿವರಿಸಬೇಕಿಲ್ಲ: ಅರ್ಜಿಗೆ ದಿನಾಂಕ ಹಾಕಿದ ಸ್ವೀಕೃತಿ ಸಿಕ್ಕರೆ ಹದಿನೈದು ದಿನದೊಳಗೆ ಕೆಲಸ ಕೊಡಬೇಕಿತ್ತು, ಇಲ್ಲವೆಂದರೆ ನಿರುದ್ಯೋಗ ಭತ್ಯೆ. ಅದಕ್ಕೇ ಯಾರೂ ಸ್ವೀಕೃತಿ ಕೊಡುತ್ತಿರಲಿಲ್ಲ. ಮೊದಲ ಸಲ 22 ಹೆಂಗಸರನ್ನು ಪಂಚಾಯಿತಿ ಕಚೇರಿಗೆ ಕರೆದುಕೊಂಡು ಹೋದಾಗ ಸಾಹೇಬರಿಲ್ಲ ಅಂದರು. ಎರಡನೇ ಸಲ ಸೀಲು ಬೀರುವಿನಲ್ಲಿದೆ, ಬೀಗದ ಕೈ ಇಲ್ಲ ಅಂದರು. ಮೂರನೇ ಸಲ ಸೀಲು ಬಂತು, ಪ್ಯಾಡು ಒಣಗಿತ್ತು. ನಾನು ಸೆರಗಿನೊಳಗಿಂದ ನೇರಳೆ ಶಾಯಿಯ ಪುಟ್ಟ ಬಾಟಲಿ ತೆಗೆದು ಪ್ಯಾಡಿನ ಮೇಲೆ ಹನಿಸಿದೆ. ಬಟ್ಟೆ ಶಾಯಿ ಹೀರಿಕೊಳ್ಳುವವರೆಗೂ ಯಾರೂ ಮಾತಾಡಲಿಲ್ಲ. ಆಮೇಲೆ ಇಪ್ಪತ್ತೆರಡು ಕಾಗದಕ್ಕೂ ಠಪ್ಪಂತ ಸೀಲು ಬಿತ್ತು. ಹತ್ತು ರೂಪಾಯಿಯ ಆ ಬಾಟಲಿ ಈಗಲೂ ನನ್ನ ಬ್ಯಾಗಿನಲ್ಲಿದೆ.

ಫಾರಂ ಬರೆದಿದ್ದಕ್ಕೆ ಯಾರಿಂದಲೂ ಒಂದು ಪೈಸೆ ಮುಟ್ಟಲಿಲ್ಲ. ಇದರಲ್ಲಿ ಸಡಿಲ ಬಿಟ್ಟರೆ ನಾವೂ ದಲ್ಲಾಳಿಗಳೇ ಆಗುತ್ತೇವೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿಂದ ಹುಡುಗರೆಲ್ಲ ವಾಪಸ್ಸು ಬಂದಾಗ ನರೇಗಾ ಕೂಲಿ ದಿನಕ್ಕೆ 275 ಇತ್ತು. ಆ ವರ್ಷ ನಮ್ಮ ಊರೊಂದರಿಂದಲೇ ಇನ್ನೂರರ ಹತ್ತಿರ ಅರ್ಜಿ ಹಾಕಿಸಿದೆವು. ಕೆರೆ ಹೂಳು, ಬದು, ಕೃಷಿ ಹೊಂಡ, ಏನೋ ಒಂದು ಕೆಲಸ ಸಿಗುತ್ತಿತ್ತು.

ಇದರ ನಡುವೆ ರಾಗಿಯ ಪ್ರಯೋಗವೂ ನಡೆಯಿತು. ಸುಗ್ಗಿಯಲ್ಲಿ ಮನೆಗೊಂದು ಸೇರು ರಾಗಿ ಎತ್ತಿ, ಮಾರಿ, ಸಂಘಕ್ಕೆ ಬಂಡವಾಳ ಮಾಡೋಣ ಅಂತಿದ್ದೆ. ಎರಡು ಕ್ವಿಂಟಲ್ ಮೇಲೆ ಸೇರಿತು. ಆದರೆ ಬೆರಕೆ ರಾಗಿಗೆ ಬೆಲೆ ಎಲ್ಲಿದೆ? ಸರ್ಕಾರದ ಬೆಂಬಲ ಬೆಲೆ 3,295 ಇದ್ದಾಗ ಮಂಡಿಯವರು 2,200 ಅಂದರು. ಮಾರಲಿಲ್ಲ. ಬೇವಿನ ಸೊಪ್ಪು ಹಾಕಿ ಕಟ್ಟಿಟ್ಟೆವು.

ಚುನಾವಣೆ ಘೋಷಣೆಯಾದ ವಾರ ರಸೀತಿ ಪುಸ್ತಕ ಹಿಡಿದು ಹೊರಟೆ. ಹೊತ್ತು ಮಧ್ಯಾಹ್ನ, ಗಂಡಸರಿಲ್ಲದ ವೇಳೆ. ಮನೆಗೆ ಹತ್ತು ರೂಪಾಯಿ, ರಸೀತಿಯಲ್ಲಿ ಮನೆಯಾಕೆಯ ಹೆಸರು, ಗಂಡನದಲ್ಲ. ಮೊದಲ ಮೂರು ಮನೆಯಲ್ಲಿ ಕೊಡಲಿಲ್ಲ, ನಾಲಿಗೆ ಒಣಗಿತು. ನಾಲ್ಕನೇ ಮನೆಯ ಅಜ್ಜಿ ಇಪ್ಪತ್ತರ ನೋಟು ಕೊಟ್ಟು ಚಿಲ್ಲರೆ ಕೇಳಿದಳು, ರಸೀತಿಯನ್ನು ಮಡಚಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡಳು. 260 ಮನೆಗಳಲ್ಲಿ 190ರಷ್ಟು ಕೊಟ್ಟವು. ಎರಡನೇ ಸುತ್ತಿಗೆ ಇಪ್ಪತ್ತು ಕೇಳಿದೆ, ಆಗ ಕೊಟ್ಟವರು ಇನ್ನೂ ಹೆಚ್ಚು. ಬೆಂಗಳೂರಿಂದ ಬಂದಿದ್ದ ಇಬ್ಬರು ಹುಡುಗರದೂ ಸೇರಿ ಒಟ್ಟು 7,400, ಖರ್ಚು 5,600.

ನಮ್ಮದು ಮೂರು ಸೀಟಿನ ಕ್ಷೇತ್ರ, ಒಬ್ಬೊಬ್ಬರಿಗೆ ಮೂರು ಓಟು. ‘ಎರಡು ನಿಮ್ಮ ನೆಂಟರಿಗೆ ಹಾಕಿ, ಒಂದು ನನಗೆ ಇಡಿ’ ಎಂದಷ್ಟೇ ಕೇಳಿದೆ. ಯಾವ ಮನೆ ಪಕ್ಕಾ, ಯಾವುದು ಅರ್ಧ ಎಂದು ರಸೀತಿಯ ಅರ್ಧಪ್ರತಿಯಲ್ಲಿ ಹಾಕಿಕೊಳ್ಳುತ್ತಿದ್ದ ಗುರುತನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮುಂದೆಯೂ ಚುನಾವಣೆ ಇದೆ. ಹಿಂದಿನ ರಾತ್ರಿ 370 ಎಂದು ಲೆಕ್ಕ ಹಾಕಿದ್ದೆ, ಬಂದದ್ದು 381. ಕೊನೆಯ ರಾತ್ರಿ ಎದುರಾಳಿಗಳು ಮನೆಮನೆಗೆ ಐನೂರು ಹಂಚಿದ್ದರು. ಜನ ತೆಗೆದುಕೊಂಡರು, ತಪ್ಪು ಅನ್ನುವುದಿಲ್ಲ. ಆದರೆ ನನಗೆ ಕೊಟ್ಟ ಹತ್ತು ರೂಪಾಯಿ ಅವರ ಸ್ವಂತದ್ದಾಗಿತ್ತು.

ಗೆದ್ದ ಮೇಲೆ ಅಧ್ಯಕ್ಷರ ಆಯ್ಕೆಗೆ ಮೊದಲು ಸದಸ್ಯರನ್ನೆಲ್ಲ ಟೂರಿಗೆ ಕರೆದೊಯ್ದರು, ನಾನು ಹೋಗಲಿಲ್ಲ. ಸಭೆಯಲ್ಲಿ ಸದಸ್ಯೆಯರ ಗಂಡಂದಿರು ಕುರ್ಚಿ ಎಳೆದುಕೊಂಡು ಕೂತಾಗ ನಡಾವಳಿ ಪುಸ್ತಕದಲ್ಲಿ ಅವರ ಹೆಸರನ್ನೂ ಬರೆಯಿರಿ ಎಂದು ಹಠ ಹಿಡಿದೆ. ಮೂರನೇ ಸಭೆಯಿಂದ ಅವರು ಹೊರಗೇ ನಿಂತರು.

2023ರ ಜನವರಿಯಿಂದ ನರೇಗಾ ಹಾಜರಿಗೆ ಮೊಬೈಲಿನಲ್ಲಿ ದಿನಕ್ಕೆ ಎರಡು ಫೋಟೊ ಬಂತಲ್ಲ, ನಮ್ಮ ಕೆರೆಯಂಗಳದಲ್ಲಿ ನೆಟ್‌ವರ್ಕೇ ಇಲ್ಲ. ಫೋಟೊ ಹತ್ತದೆ ನಲವತ್ತು ಜನರ ಒಂದು ವಾರದ ಕೂಲಿ ನಿಂತಿತು. ತಾಲ್ಲೂಕು ಕಚೇರಿಯ ಮುಂದೆ ಒಲೆ ಹೂಡಿ ಕೂತೆವು. ಮುದ್ದೆಗೆ ಅದೇ ಬೆರಕೆ ರಾಗಿ, ಹುರುಳಿ ಸಾರು. ಮೂರನೇ ದಿನ ಮಧ್ಯಾಹ್ನ ಕೂಲಿ ಬಿಡುಗಡೆಯ ಕಾಗದ ಕೈಗೆ ಬಂದಾಗ ಮೂಟೆಯಲ್ಲಿ ಇನ್ನೂ ಮೂವತ್ತು ಸೇರು ಉಳಿದಿತ್ತು.